ಅಕ್ವೇರಿಯಂ ಹೀಟರ್‌ನ ಖರ್ಚು ಇಳಿಸಲು ಯಾವುದು ಸರಿ: ಮುಚ್ಚಳವೋ, ಥರ್ಮೋಕೋಲೋ, ಬಬಲ್ ವ್ರ್ಯಾಪೋ?

ಕರಾವಳಿಯವರು ಇದನ್ನು ಓದದಿದ್ದರೂ ನಡೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಜನವರಿಯಲ್ಲೂ ಮನೆಯೊಳಗಿನ ನೀರು ಹೆಚ್ಚಿನ ಮೀನುಗಳಿಗೆ ಹಿತವಾಗಿಯೇ ಇರುತ್ತದೆ. ತೊಂದರೆ ಇರುವುದು ಬೆಂಗಳೂರು, ಹಾಸನ, ಮಡಿಕೇರಿ, ಚಿಕ್ಕಮಗಳೂರು, ಬೀದರ್ ಕಡೆಯವರಿಗೆ. ಧನುರ್ಮಾಸದ ಚಳಿಗೆ ರಾತ್ರಿಯಿಡೀ ಹೀಟರ್‌ನ ಕೆಂಪು ಲೈಟು ಹತ್ತಿಕೊಂಡೇ ಇರುತ್ತದೆ. ತಿಂಗಳ ಕೊನೆಗೆ ಬಿಲ್ಲು ನೋಡಿದಾಗ ಮೀನಿನ ಟ್ಯಾಂಕ್ ನೆನಪಾಗುತ್ತದೆ.

ಆಗ ಎಲ್ಲರಿಗೂ ಹೊಳೆಯುವ ಮೊದಲ ಉಪಾಯ ಟ್ಯಾಂಕಿಗೆ ಏನಾದರೂ ಸುತ್ತುವುದು. ಥರ್ಮೋಕೋಲ್, ಬಬಲ್ ವ್ರ್ಯಾಪ್, ಹಳೇ ಕಂಬಳಿ, ಬೆಳ್ಳಿ ಬಣ್ಣದ ಫಾಯಿಲ್ ಶೀಟು, ಕೈಗೆ ಸಿಕ್ಕಿದ್ದು. ಸುತ್ತುವುದೇನೂ ತಪ್ಪಲ್ಲ. ಆದರೆ ಮೇಲ್ಗಡೆ ಬಿಟ್ಟು ಸುತ್ತಲೂ ದಪ್ಪಗೆ ಹೊದಿಸುವವರೇ ಜಾಸ್ತಿ. ನನ್ನ ಮಟ್ಟಿಗೆ ಮೊದಲ ದುಡ್ಡು ಮುಚ್ಚಳಕ್ಕೆ ಹೋಗಬೇಕು. ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ.

ಬಿಸಿ ಎಲ್ಲಿಂದ ಹೋಗುತ್ತದೆ

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ತಗೊಳ್ಳೋಣ. ಒಂದು ಘನ ಅಡಿಗೆ 28 ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಪೂರ್ತಿ ತುಂಬಿದರೆ ಸುಮಾರು 190 ಲೀಟರ್. ನೀರು 27 ಡಿಗ್ರಿ, ಕೋಣೆ 22 ಡಿಗ್ರಿ ಅಂತಿಟ್ಟುಕೊಳ್ಳಿ. ವ್ಯತ್ಯಾಸ 5 ಡಿಗ್ರಿ.

ನಾಲ್ಕು ಪಕ್ಕದ ಗಾಜಿನಿಂದ ಹೊರಹೋಗುವ ಶಾಖ ಸುಮಾರು 44 ವಾಟ್. ಗಾಜಿಗೆ ಶಾಖ ತಡೆಯುವ ಶಕ್ತಿ ಅಷ್ಟಾಗಿ ಇಲ್ಲ. 6 ಎಂ.ಎಂ. ಬದಲು 12 ಎಂ.ಎಂ. ಗಾಜು ಹಾಕಿಸಿದರೂ ಬಿಲ್ಲಿನಲ್ಲಿ ಗೊತ್ತಾಗುವುದಿಲ್ಲ. ತಳದಿಂದ ಹೋಗುವುದು ನಾಲ್ಕೈದು ವಾಟ್, ಅದನ್ನು ಸದ್ಯಕ್ಕೆ ಬಿಟ್ಟುಬಿಡಿ.

ಮೇಲ್ಗಡೆಯ ಕಥೆ ಬೇರೆ. ಅಲ್ಲಿ ನೀರು ಗಾಳಿಗೆ ಬಿಸಿ ಕೊಡುವುದಷ್ಟೇ ಅಲ್ಲ, ಆವಿಯಾಗಿಯೂ ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಹತ್ತಿರತ್ತಿರ 0.68 ಯೂನಿಟ್ ಕರೆಂಟಿನಷ್ಟು ಶಾಖವನ್ನು ಎಳೆದುಕೊಂಡು ಹೋಗುತ್ತದೆ. ತೆರೆದ ಟ್ಯಾಂಕಿನಲ್ಲಿ ದಿನಕ್ಕೆ ಮುಕ್ಕಾಲು ಲೀಟರ್ ಇಳಿದರೂ ಅದೊಂದಕ್ಕೇ ಅರ್ಧ ಯೂನಿಟ್ ಆಯಿತು. ಮೇಲಿನ ಗಾಳಿಗೆ ನೇರವಾಗಿ ಹೋಗುವ ಶಾಖವನ್ನೂ ಸೇರಿಸಿದರೆ ಮೇಲ್ಭಾಗದ ನಷ್ಟ 35ರಿಂದ 40 ವಾಟ್. ನಾಲ್ಕು ಪಕ್ಕದ ಗಾಜು ಸೇರಿ 1.25 ಚದರ ಮೀಟರ್. ಮೇಲಿನ ನೀರಿನ ಮೈ ಬರೀ 0.4 ಚದರ ಮೀಟರ್. ಅಷ್ಟು ಚಿಕ್ಕ ಜಾಗದಿಂದ ನಾಲ್ಕು ಗೋಡೆಗೆ ಹತ್ತಿರ ಬರುವಷ್ಟು ಶಾಖ ಸೋರುತ್ತದೆ. ಆವಿಯಾದಷ್ಟು ತಣ್ಣೀರು ಮತ್ತೆ ಸುರಿಯುತ್ತೀರಿ, ಅದನ್ನೂ ಹೀಟರ್ ಕಾಯಿಸಬೇಕು.

ಒಟ್ಟು 85 ವಾಟ್ ಹತ್ತಿರ, ಅಂದರೆ ದಿನಕ್ಕೆ 2 ಯೂನಿಟ್. ಇದರಲ್ಲಿ ಒಳಗೇ ಮುಳುಗಿರುವ ಫಿಲ್ಟರ್ ಮೋಟಾರು ತನ್ನ ಹದಿನೈದು ವಾಟ್ ಬಿಸಿಯನ್ನು ಸುಮ್ನೆ ನೀರಿಗೆ ಕೊಡುತ್ತಿರುತ್ತದೆ. ಮಿಕ್ಕಿದ 1.7 ಯೂನಿಟ್ ಹೀಟರ್‌ನದು. ತಿಂಗಳಿಗೆ 50 ಯೂನಿಟ್. ನಿಮ್ಮ ಮನೆಯಲ್ಲಿ ಗಾಳಿ ಜಾಸ್ತಿ ಆಡುತ್ತಿದ್ದರೆ, ಫ್ಯಾನ್ ತಿರುಗುತ್ತಿದ್ದರೆ, ಇನ್ನೂ ಮೇಲೆ.

ಏನೂ ಕೊಳ್ಳದೆ ಆಗುವ ಕೆಲಸ

ಹೀಟರ್‌ನ ತಿರುಗಣೆ ಎಷ್ಟಕ್ಕಿದೆ ನೋಡಿ. ವ್ಯತ್ಯಾಸವೇ 5 ಡಿಗ್ರಿ ಇರುವಾಗ ಒಂದು ಡಿಗ್ರಿ ಇಳಿಸಿದರೆ ನಷ್ಟದಲ್ಲಿ ಐದನೇ ಒಂದು ಭಾಗ ಹೋಯಿತು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ 24 ಡಿಗ್ರಿ ಧಾರಾಳ. ಅಂಗಡಿಯವರು 28ಕ್ಕೆ ಇಟ್ಟುಕೊಟ್ಟರು ಅಂತ ಅದನ್ನೇ ಮುಂದುವರಿಸುವ ಮನೆಗಳು ಬಹಳ. ಏಂಜಲ್ ಮೀನಿಗೆ 25-26 ಸಾಕು. ಡಿಸ್ಕಸ್ ಸಾಕುವವರಿಗೆ ಮಾತ್ರ ಈ ದಾರಿ ಇಲ್ಲ. ಅದಕ್ಕೆ 28ರಿಂದ 30 ಬೇಕೇ ಬೇಕು. ಗೋಲ್ಡ್ ಫಿಶ್ ಮಾತ್ರ ಇದ್ದರೆ ಹೀಟರನ್ನೇ ತೆಗೆದಿಡಿ. ಅದು ತಣ್ಣೀರಿನ ಮೀನು, 18ರಿಂದ 22 ಡಿಗ್ರಿಯಲ್ಲಿ ಆರಾಮವಾಗಿರುತ್ತದೆ.

ಇಳಿಸುವಾಗ ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಬೇಡ. ನೀರಿನ ಬಿಸಿ ದಿಢೀರನೆ ಏರುಪೇರಾದರೆ ಮೀನಿನ ಮೈಮೇಲೆ ಬಿಳಿ ಚುಕ್ಕೆ ಏಳುವ ವೈಟ್ ಸ್ಪಾಟ್ ರೋಗ ಕಾಣಿಸಿಕೊಳ್ಳುವುದು ಸಾಮಾನ್ಯ. ಐವತ್ತು ರೂಪಾಯಿ ಉಳಿಸಲು ಹೋಗಿ ಔಷಧಿಗೆ ಖರ್ಚು ಮಾಡಿದ ಹಾಗಾಗುತ್ತದೆ.

ಟ್ಯಾಂಕ್ ಕಿಟಕಿ ಪಕ್ಕ ಇದ್ದರೆ ಸಂಜೆ ಕಿಟಕಿ ಮುಚ್ಚಿ ಪರದೆ ಎಳೆಯಿರಿ. ತುಂಬಿದ ಟ್ಯಾಂಕನ್ನು ಮಾತ್ರ ಸರಿಸಲು ಹೋಗಬೇಡಿ.

ಮುಚ್ಚಳ: ಗಾಜು, ಪ್ಲಾಸ್ಟಿಕ್, ಪಾಲಿಕಾರ್ಬೊನೇಟ್

ಮುಚ್ಚಳ ಹಾಕಿದ ಕೂಡಲೇ ಆವಿಯಾಗುವುದು ಬಹುಪಾಲು ನಿಲ್ಲುತ್ತದೆ. ಮೇಲಕ್ಕೆದ್ದ ಹಬೆ ಮುಚ್ಚಳದ ಒಳಮೈಗೆ ತಾಗಿ, ಹನಿಯಾಗಿ, ವಾಪಸ್ ನೀರಿಗೇ ಬೀಳುತ್ತದೆ. ನಮ್ಮ ಲೆಕ್ಕದ ಟ್ಯಾಂಕಿನಲ್ಲಿ ಇದರಿಂದ 25 ವಾಟ್ ಉಳಿಯುತ್ತದೆ. ದಿನಕ್ಕೆ 0.6 ಯೂನಿಟ್.

ಗಾಜಿನ ಮುಚ್ಚಳ ನನಗೆ ಎಲ್ಲಕ್ಕಿಂತ ಇಷ್ಟ. ಟ್ಯಾಂಕ್ ಮಾಡಿಕೊಟ್ಟವರ ಹತ್ತಿರವೇ ಅಳತೆ ಕೊಟ್ಟು ಕತ್ತರಿಸಿಕೊಳ್ಳಬಹುದು. 4 ಎಂ.ಎಂ. ಗಾಜು ಈ ಅಳತೆಗೆ ಸುಮಾರು 4 ಕೆ.ಜಿ. ತೂಗುತ್ತದೆ. ಅದಕ್ಕೇ ಎರಡು ತುಂಡು ಮಾಡಿಸಿ. ಆಹಾರ ಹಾಕಲು ಮುಂದಿನದನ್ನು ಮಾತ್ರ ಎತ್ತಿದರಾಯಿತು. ಪೈಪು, ವೈರು ಹೋಗಲು ಹಿಂದಿನ ಮೂಲೆ ಕತ್ತರಿಸಿರಬೇಕು. ಅಂಚು ಉಜ್ಜಿಸಿಕೊಳ್ಳುವುದನ್ನು ಮರೆಯಬೇಡಿ, ಒದ್ದೆ ಕೈಗೆ ಗಾಜಿನ ಅಂಚು ಬಹಳ ಸುಲಭವಾಗಿ ಗೀರುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಗಾಳಿಗುಳ್ಳೆ ಸಿಡಿಯುವ ಜಾಗಕ್ಕೆ ಸರಿಯಾಗಿ ಗಾಜಿನ ಒಳಮೈಯಲ್ಲಿ ಬಿಳೀ ಪುಡಿ ಕಟ್ಟುತ್ತದೆ. ಮುಚ್ಚಳವನ್ನು ಸಿಂಕಿಗೆ ಒಯ್ದು ಅರ್ಧ ನಿಂಬೆಹೋಳಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಇಡಿ. ಬಿಟ್ಟರೆ ಪದರ ಪದರವಾಗಿ ಬೆಳೆದು ಲೈಟಿನ ಬೆಳಕನ್ನೇ ತಿನ್ನುತ್ತದೆ.

ಎರಡು ಪದರದ ಪಾಲಿಕಾರ್ಬೊನೇಟ್ ಶೀಟು ಶಾಖದ ಲೆಕ್ಕದಲ್ಲಿ ಗಾಜಿಗಿಂತ ಮುಂದೆ. ಶೆಡ್ಡಿನ ಮಾಡಿಗೆ, ಹಸಿರುಮನೆಗೆ ಹಾಕುತ್ತಾರಲ್ಲ, ಒಳಗೆ ಗೆರೆ ಗೆರೆ ಟೊಳ್ಳು ಇರುವಂಥದ್ದು. ಆ ಟೊಳ್ಳಿನ ಗಾಳಿಯೇ ತಡೆ. ಹಗುರ, ಕಟ್ಟರ್‌ನಲ್ಲೇ ಕತ್ತರಿಸಬಹುದು, ಬಿದ್ದರೂ ಒಡೆಯುವುದಿಲ್ಲ. ಮಕ್ಕಳಿರುವ ಮನೆಗೆ ಒಳ್ಳೆಯದು. ಕತ್ತರಿಸಿದ ಬಾಯಿಗೆ ಪಾರದರ್ಶಕ ಟೇಪ್ ಸುತ್ತದಿದ್ದರೆ ಟೊಳ್ಳಿನೊಳಗೆ ಹಬೆ ನುಗ್ಗಿ ಪಾಚಿ ಕಟ್ಟುತ್ತದೆ. ಬೆಳಕು ಕೊಂಚ ಕಡಿಮೆಯಾಗುತ್ತದೆ. ಗಿಡ ಬೆಳೆಸುವವರು ಯೋಚಿಸಬೇಕು.

ಅಕ್ರಿಲಿಕ್ ಶೀಟು ನೋಡಲು ಚಂದ, ಆದರೆ ಮುಚ್ಚಳಕ್ಕೆ ಬೇಡ. ಒಂದು ಮೈ ಸದಾ ಒದ್ದೆ, ಇನ್ನೊಂದು ಒಣ. ಕ್ರಮೇಣ ಬಾಗಿ ಮಧ್ಯದಲ್ಲಿ ನೀರಿನ ಕಡೆಗೋ ಮೇಲಕ್ಕೋ ಡೊಂಕಾಗುತ್ತದೆ. ಟ್ಯಾಂಕ್ ಜೊತೆಗೇ ಬರುವ ಪ್ಲಾಸ್ಟಿಕ್ ಹುಡ್ ಇದ್ದರೆ ಅದೇ ಸಾಕು, ಹೊಸದಾಗಿ ಏನೂ ಬೇಕಿಲ್ಲ. ಅಡುಗೆಮನೆಯ ಕ್ಲಿಂಗ್ ಫಿಲ್ಮ್ ತುರ್ತಿಗೆ ಎರಡು ರಾತ್ರಿ ನಡೆಯುತ್ತದೆ, ಅಷ್ಟೇ.

ಮುಚ್ಚಳ ಯಾವುದೇ ಇರಲಿ, ಗಾಳಿಯಾಡಲು ಮೂಲೆಯಲ್ಲಿ ಸಂದು ಬೇಕು. ಫಿಲ್ಟರ್‌ನ ನೀರು ಮೇಲ್ಮೈಯನ್ನು ಕದಡುತ್ತಿರಬೇಕು.

ಹಿಂಬದಿ ಮತ್ತು ಪಕ್ಕಗಳು: ಯಾವ ಹೊದಿಕೆ?

ಇಲ್ಲೇ ನಿಜವಾದ ಪೈಪೋಟಿ ಇರುವುದು. ಹಿಂದಿನ ಗಾಜು, ಎರಡು ಪಕ್ಕದ ಗಾಜು, ಈ ಮೂರನ್ನು ಮುಚ್ಚಿದರೆ ನೋಡುವ ಸೊಗಸಿಗೆ ಧಕ್ಕೆಯಿಲ್ಲ. ಪಕ್ಕದ್ದೂ ಕಾಣಬೇಕು ಅನ್ನುವವರು ಹಿಂದಿನದನ್ನಾದರೂ ಮುಚ್ಚಬಹುದು.

ಥರ್ಮೋಕೋಲ್‌ನ ಲೆಕ್ಕ ಹೀಗಿದೆ. 12 ಎಂ.ಎಂ. ಹಾಳೆ ಆ ಗಾಜಿನಿಂದ ಹೋಗುವ ಶಾಖದಲ್ಲಿ ಸುಮಾರು ಶೇ. 70ರಷ್ಟನ್ನು ತಡೆಯುತ್ತದೆ. 25 ಎಂ.ಎಂ. ಆದರೆ ಶೇ. 84. 50 ಎಂ.ಎಂ. ಹಾಕಿದರೆ ಶೇ. 91. ಮೊದಲ ಅರ್ಧ ಇಂಚು ಮಾಡುವ ಕೆಲಸವನ್ನು ಆಮೇಲಿನ ಒಂದೂವರೆ ಇಂಚು ಸೇರಿ ಮಾಡಲಾರದು. 25 ಎಂ.ಎಂ.ಗೆ ನಿಲ್ಲಿಸಿ. ಟ್ಯಾಂಕಿನ ಹಿಂದೆ ಜಾಗವಿಲ್ಲದಿದ್ದರೆ 12 ಎಂ.ಎಂ. ಹಾಕಲೂ ಹಿಂಜರಿಯಬೇಡಿ.

ಕೊಳ್ಳಲೇಬೇಕೆಂದೂ ಇಲ್ಲ. ಅಕ್ವೇರಿಯಂ ಅಂಗಡಿಗೆ ಚೆನ್ನೈನ ಕೊಳತ್ತೂರಿನಂಥ ಊರುಗಳಿಂದ ಮೀನು ಬರುವುದೇ ಥರ್ಮೋಕೋಲ್ ಡಬ್ಬಿಗಳಲ್ಲಿ. ಆಕ್ಸಿಜನ್ ತುಂಬಿದ ಚೀಲಗಳನ್ನು ಅದರೊಳಗೆ ಜೋಡಿಸಿ, ಸುತ್ತಲೂ ಕಂದು ಟೇಪ್ ಬಿಗಿದು, ರಾತ್ರಿ ಬಸ್ಸಿಗೆ ಹಾಕುತ್ತಾರೆ. ಖಾಲಿಯಾದ ಮೇಲೆ ಅಂಗಡಿಯ ಹಿಂದೆ ರಾಶಿ ಬಿದ್ದಿರುತ್ತವೆ. ಕೇಳಿದರೆ ಬಿಟ್ಟಿಯಾಗಿಯೋ, ಹತ್ತಿಪ್ಪತ್ತು ರೂಪಾಯಿಗೋ ಕೊಡುತ್ತಾರೆ. ಗೋಡೆ ದಪ್ಪ, ಗಟ್ಟಿ, ಅಲಂಕಾರಕ್ಕೆ ಮಾರುವ ಹಾಳೆಗಿಂತ ವಾಸಿ. ಕತ್ತರಿಸುವಾಗ ಬಿಳಿ ಕಾಳು ಉದುರಿ ಕೈಗೆ, ಬಟ್ಟೆಗೆ, ಬೆಕ್ಕಿಗೆ ಅಂಟಿಕೊಳ್ಳುತ್ತವೆ. ಹೊಸ ಬ್ಲೇಡು ಹಾಕಿ, ಒಂದೇ ಎಳೆತದಲ್ಲಿ ಕೊಯ್ಯಿರಿ. ಟ್ಯಾಂಕ್ ಇರುವ ಕೋಣೆಯಲ್ಲಿ ಬೇಡ, ಆ ಕಾಳನ್ನು ಮೀನು ಆಹಾರ ಅಂದುಕೊಂಡು ಬಾಯಿ ಹಾಕುತ್ತದೆ.

ಅಂಟಿಸಲು ರಬ್ಬರ್ ಸೊಲ್ಯೂಷನ್ ಬಳಸಿದರೆ ಥರ್ಮೋಕೋಲ್ ಕರಗಿ ಗುಳಿ ಬೀಳುತ್ತದೆ. ಟೇಪೇ ಸಾಕು. ಬೇಸಿಗೆಗೆ ಬಿಚ್ಚಬೇಕಲ್ವಾ? ಗಾಜಿಗೂ ಹಾಳೆಗೂ ನಡುವೆ ಸಂದು ಉಳಿಯದಂತೆ ಒತ್ತಿ ಕೂರಿಸಿ. ಸಂದಿನಲ್ಲಿ ಗಾಳಿ ಮೇಲಕ್ಕೂ ಕೆಳಕ್ಕೂ ಓಡಾಡತೊಡಗಿದರೆ ಅರ್ಧ ಲಾಭ ಹೋಯಿತು. ಎರಡು ದೋಷಗಳಿವೆ. ಇರುವೆಗೆ ಥರ್ಮೋಕೋಲ್ ಅಂದರೆ ಪ್ರೀತಿ, ಕೊರೆದು ಗೂಡು ಮಾಡುತ್ತದೆ. ಆಗಾಗ ಹಿಂದೆ ಇಣುಕಿ ನೋಡಬೇಕು. ಇನ್ನೊಂದು, ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಎಕ್ಸ್‌ಟೆನ್ಷನ್ ಬೋರ್ಡು, ಪ್ಲಗ್ಗು ಅದರ ಮೈಗೆ ತಾಗಿಕೊಂಡಿರಬಾರದು.

ಕಪ್ಪು ಫೋಮ್ ಶೀಟು, ಅಂದರೆ ಎ.ಸಿ. ಡಕ್ಟಿಗೆ, ಶೀಟಿನ ಮಾಡಿಗೆ ಹೊದಿಸುವ ಎಕ್ಸ್‌ಎಲ್‌ಪಿಇ, 10 ಎಂ.ಎಂ.ನಲ್ಲೇ 12 ಎಂ.ಎಂ. ಥರ್ಮೋಕೋಲಿನಷ್ಟು ಕೆಲಸ ಮಾಡುತ್ತದೆ. ದುಡ್ಡು ಜಾಸ್ತಿ. ಆದರೆ ಕತ್ತರಿಯಲ್ಲಿ ಕತ್ತರಿಸಬಹುದು, ಕಾಳು ಉದುರುವುದಿಲ್ಲ, ನೀರು ಹೀರುವುದಿಲ್ಲ. ಕಪ್ಪು ಬಣ್ಣವೇ ಹಿನ್ನೆಲೆಯಾಗಿ ಮೀನಿನ ಬಣ್ಣ ಎದ್ದು ಕಾಣುತ್ತದೆ. ಹಾಲ್‌ನಲ್ಲಿ ಬಂದವರಿಗೆಲ್ಲ ಕಾಣುವ ಟ್ಯಾಂಕಿಗೆ ನಾನು ಹೇಳುವುದು ಇದನ್ನೇ. ಹಳೇ ಯೋಗ ಮ್ಯಾಟ್ ಇದ್ದರೆ ಅದೂ ಇದೇ ಜಾತಿ, ತೆಳುವಾದ್ದರಿಂದ ಫಲ ಅಷ್ಟು ಕಡಿಮೆ.

ಬಬಲ್ ವ್ರ್ಯಾಪ್ ಒಂದು ಪದರ ಹಾಕಿದರೆ ಆ ಗಾಜಿನ ನಷ್ಟದಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಕಡಿಮೆಯಾಗುತ್ತದೆ. ಪಾರ್ಸೆಲ್‌ನಲ್ಲಿ ಬಂದದ್ದು ಮನೆಯಲ್ಲೇ ಬಿದ್ದಿದ್ದರೆ ಹಾಕಿ, ಎರಡು ಪದರ ಹಾಕಿ. ದುಡ್ಡು ಕೊಟ್ಟು ತರುವುದಾದರೆ ಥರ್ಮೋಕೋಲೇ ತನ್ನಿ. ಗುಳ್ಳೆಗಳು ತಿಂಗಳುಗಳಲ್ಲಿ ಗಾಳಿ ಬಿಟ್ಟು ಚಪ್ಪಟೆಯಾಗುತ್ತವೆ.

ಬೆಳ್ಳಿ ಫಾಯಿಲಿನ ಬಗ್ಗೆ ಅರ್ಧ ತಿಳಿದವರೇ ಹೆಚ್ಚು. ಹೊಳೆಯುವ ಮೈ ನೀರಿನ ಕಡೆಗೆ ತಿರುಗಿರಬೇಕು, ಆಗ ಶಾಖ ವಾಪಸ್ ಹೋಗುತ್ತದೆ ಅಂತ ಗಾಜಿಗೆ ಒತ್ತಿ ಅಂಟಿಸುತ್ತಾರೆ. ಗಾಜಿಗೆ ಅಂಟಿದ ಮೈ ಏನೂ ಮಾಡುವುದಿಲ್ಲ, ಶಾಖ ನೇರವಾಗಿ ಲೋಹಕ್ಕೆ ದಾಟುತ್ತದೆ. ಕೆಲಸ ಮಾಡುವುದು ಗಾಳಿಗೆ ತೆರೆದುಕೊಂಡಿರುವ ಹೊಳಪು. ಗಾಜಿನಿಂದ ಹೊರಹೋಗುವ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಿಕಿರಣದ್ದು. ಹೊಳೆಯುವ ಲೋಹ ಹಾಗೆ ಸೂಸುವುದು ತೀರ ಕಡಿಮೆ. ಹಾಗಾಗಿ ಹೊಳಪು ಹೊರಗೆ, ಗೋಡೆಗೂ ಅದಕ್ಕೂ ನಡುವೆ ಒಂದಿಂಚು ಗಾಳಿ. ಹೀಗಿಟ್ಟರೆ ಬರೀ ಫಾಯಿಲ್ ಕೂಡ ಹತ್ತಿರತ್ತಿರ ಅರ್ಧ ಉಳಿಸುತ್ತದೆ. ಗುಳ್ಳೆಯೂ ಫಾಯಿಲೂ ಸೇರಿದ ಶೀಟು 12 ಎಂ.ಎಂ. ಥರ್ಮೋಕೋಲಿಗೆ ಸಮ ಬರುತ್ತದೆ. ಧೂಳು ಕೂತಷ್ಟೂ ಲಾಭ ಇಳಿಯುತ್ತದೆ. ನಮ್ಮ ಮನೆಗಳ ಧೂಳು ಗೊತ್ತಲ್ಲ.

ಕಂಬಳಿ, ಶಾಲು, ರಜಾಯಿ ಬೇಡ. ನೀರು ಚಿಮ್ಮಿ ಒದ್ದೆಯಾಗುತ್ತದೆ, ವಾಸನೆ ಹಿಡಿಯುತ್ತದೆ, ಒದ್ದೆ ಬಟ್ಟೆಯ ತುದಿ ಸಾಕೆಟ್ ತನಕ ಇಳಿದರೆ ಅಪಾಯ.

ಮೂರು ಗಾಜಿಗೆ 25 ಎಂ.ಎಂ. ಹೊದಿಸಿದರೆ ನಮ್ಮ ಟ್ಯಾಂಕಿನಲ್ಲಿ ಉಳಿಯುವುದು 24 ವಾಟ್. ಮುಚ್ಚಳ ಒಂದೇ ಉಳಿಸಿದಷ್ಟೇ! ಎರಡೂ ಸೇರಿದರೆ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ಇನ್ನೂರು ರೂಪಾಯಿ ಮೇಲೆ.

ತಳ ಮತ್ತು ಮುಂಭಾಗ

ಟ್ಯಾಂಕ್ ಕೂರಿಸುವಾಗಲೇ ಕೆಳಗೆ ಥರ್ಮೋಕೋಲ್ ಹಾಳೆ ಹಾಸುವುದು ನಮ್ಮಲ್ಲಿ ರೂಢಿ. ಅದು ಸಮತಟ್ಟಿಗೆ ಹಾಸುವುದು, ಶಾಖಕ್ಕೂ ಅಷ್ಟು ಸಾಕು. ಹಾಸಿಲ್ಲವಾದರೆ ಈಗ ಅದಕ್ಕೋಸ್ಕರ ಟ್ಯಾಂಕ್ ಎತ್ತಬೇಡಿ. ತಳದಲ್ಲಿ ಪ್ಲಾಸ್ಟಿಕ್ ಚೌಕಟ್ಟಿದ್ದು ಗಾಜು ಮೇಲೆ ತೇಲಿದಂತಿರುವ ಟ್ಯಾಂಕಿಗೆ ಏನನ್ನೂ ತುರುಕಬಾರದು, ಗಾಜಿನ ಮೇಲೆ ಒತ್ತಡ ಬೀಳುತ್ತದೆ.

ಮುಂದಿನ ಗಾಜಿಗೆ ರಾತ್ರಿ ಮಾತ್ರ ಒಂದು ಹಾಳೆ ಆನಿಸುವ ಪದ್ಧತಿ ಕೆಲವರಲ್ಲಿದೆ. ಹತ್ತು ಗಂಟೆ ಮುಚ್ಚಿದರೆ ತಿಂಗಳಿಗೆ ಉಳಿಯುವುದು ಮೂರ್ನಾಲ್ಕು ಯೂನಿಟ್. ಬೆಂಗಳೂರಿಗೆ ಇದು ಸುಮ್ನೆ ತಾಪತ್ರಯ. ಕೊಡಗಿನ ಹಳೇ ಹೆಂಚಿನ ಮನೆಯಲ್ಲಿ, ಕೋಣೆಯೇ 15-16ಕ್ಕೆ ಇಳಿಯುವಲ್ಲಿ, ಮಾಡಬಹುದು.

ನಿಮ್ಮ ಮನೆಗೆ ಯಾವುದು

ಗೃಹಜ್ಯೋತಿ ಇರುವ ಮನೆಯವರು ರೂಪಾಯಿ ಲೆಕ್ಕಕ್ಕಿಂತ ಯೂನಿಟ್ ಲೆಕ್ಕ ನೋಡಬೇಕು. 2023ರಲ್ಲಿ ಶುರುವಾದ ಆ ಯೋಜನೆಯಲ್ಲಿ ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲೇ ನಿಮ್ಮ ತಲೆಗೆ. ಬೇಸಿಗೆಯಲ್ಲಿ 165-170 ಬರುವ ಮನೆಗೆ ಡಿಸೆಂಬರ್‌ನ ಗೀಸರ್ ಜೊತೆ ಈ 50 ಯೂನಿಟ್ಟಿನ ಹೀಟರೂ ಸೇರಿದರೆ ಗೆರೆ ದಾಟಿದಂತೆಯೇ. ಇಂಥ ಮನೆಯವರು ಮುಚ್ಚಳ, ಹೊದಿಕೆ ಎರಡನ್ನೂ ದೀಪಾವಳಿಯ ಹೊತ್ತಿಗೇ ಮುಗಿಸಿಕೊಳ್ಳಿ.

ಪವರ್ ಕಟ್ ಜಾಸ್ತಿ ಇರುವ ಊರಿನಲ್ಲಿ ಬಿಲ್ಲಿಗಿಂತ ದೊಡ್ಡ ಲಾಭ ಬೇರೆ. ಹೊದಿಕೆಯಿಲ್ಲದ ನಮ್ಮ ಟ್ಯಾಂಕ್ ಕರೆಂಟು ಹೋದ ಮೇಲೆ ಮೊದಲ ಗಂಟೆಗಳಲ್ಲಿ ಗಂಟೆಗೆ 0.4 ಡಿಗ್ರಿಯಂತೆ ತಣ್ಣಗಾಗುತ್ತದೆ. ಆರು ಗಂಟೆಗೆ ಎರಡು ಡಿಗ್ರಿ. ಮುಚ್ಚಿ ಹೊದಿಸಿದ್ದರೆ ಅಷ್ಟೇ ಹೊತ್ತಿಗೆ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಎರಡಡಿಯ ಚಿಕ್ಕ ಟ್ಯಾಂಕಿನಲ್ಲಿ ನೀರು ಕಡಿಮೆ, ಬೇಗ ಇಳಿಯುತ್ತದೆ, ಅದಕ್ಕೆ ಹೊದಿಕೆ ಇನ್ನೂ ಅಗತ್ಯ. ಕರೆಂಟಿಲ್ಲದಾಗ ಫಿಲ್ಟರೂ ನಿಂತಿರುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ಬಾಡಿಗೆ ಮನೆ, ವರ್ಷಕ್ಕೊಮ್ಮೆ ಬದಲಾವಣೆ ಅನ್ನುವವರಿಗೆ ಗಾಜಿನ ಮುಚ್ಚಳ, ಹಿಂದೊಂದು ಥರ್ಮೋಕೋಲ್ ಹಾಳೆ. ಅಷ್ಟು ಸಾಕು.

ಇಂಗ್ಲೆಂಡಿನ ಕಡೆ ಇರುವ ನಮ್ಮವರ ಲೆಕ್ಕ ಬೇರೆಯೇ. ರಾತ್ರಿ ಮನೆಯ ಹೀಟಿಂಗ್ ಆರಿಸಿ ಕೋಣೆ 16ಕ್ಕೆ ಇಳಿದರೆ ವ್ಯತ್ಯಾಸ ಎರಡರಷ್ಟು, ನಷ್ಟವೂ ಎರಡರಷ್ಟು. ಅಲ್ಲಿ ಒಂದು ಯೂನಿಟ್ಟಿಗೆ 25 ಪೆನ್ನಿಯ ಆಸುಪಾಸು. ಟ್ಯಾಂಕಿನಿಂದ ಹೋದ ಬಿಸಿ ಮನೆಯನ್ನೇ ತಾನೇ ಬೆಚ್ಚಗಾಗಿಸುವುದು ಅಂತ ವಾದಿಸುವವರಿದ್ದಾರೆ. ನಿಜ, ಆದರೆ ಅಲ್ಲಿ ಕೋಣೆ ಕಾಯಿಸುವ ಗ್ಯಾಸು ಕರೆಂಟಿನ ಕಾಲು ಭಾಗದ ಬೆಲೆಗೆ ಸಿಗುತ್ತದೆ. ಅವರಿಗೆ 25 ಎಂ.ಎಂ. ಜೊತೆ ಮುಂದಿನ ಗಾಜಿನ ರಾತ್ರಿ ಹಾಳೆಯೂ ಲಾಭವೇ.

ಬೇಸಿಗೆಗೆ ಮಾತ್ರ ಇದೆಲ್ಲ ತಿರುಗಿಬೀಳುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿದ ಮೇಲೆ ಹೊದಿಕೆ ಬಿಚ್ಚಿ, ಮುಚ್ಚಳ ಅರ್ಧ ತೆರೆದಿಡಿ. ಚಳಿಗಾಲದಲ್ಲಿ ದುಬಾರಿಯಾಗಿದ್ದ ಆ ಆವಿಯೇ ಏಪ್ರಿಲ್‌ನಲ್ಲಿ ನೀರನ್ನು ತಂಪಾಗಿಡುವುದು. ಕಲಬುರಗಿ, ರಾಯಚೂರಿನವರು ಬಿಚ್ಚಲು ಶಿವರಾತ್ರಿ ತನಕವೂ ಕಾಯಬೇಕಿಲ್ಲ.

ಹೊದಿಸಿದ ಮೇಲೆ ಹೀಟರ್

ಇದನ್ನು ಹೇಳುವವರು ಕಡಿಮೆ. ದೊಡ್ಡ ವಾಟಿನ ಹೀಟರ್ ಜಾಸ್ತಿ ಕರೆಂಟು ತಿನ್ನುತ್ತದೆ ಅನ್ನುವುದು ಸುಳ್ಳು. 300 ವಾಟಿನದು ಕಡಿಮೆ ಹೊತ್ತು ಉರಿಯುತ್ತದೆ, 100 ವಾಟಿನದು ಹೆಚ್ಚು ಹೊತ್ತು. ಒಟ್ಟು ಯೂನಿಟ್ ಒಂದೇ. ಆದರೆ ಬಿಸಿ ಸಾಕಾದಾಗ ಹೀಟರನ್ನು ತಾನೇ ಆರಿಸಬೇಕಾದ ಥರ್ಮೋಸ್ಟಾಟ್ ಕೆಲವೊಮ್ಮೆ ಅಂಟಿಕೊಂಡು, ಹೀಟರ್ ಆರುವುದೇ ಇಲ್ಲ. ತೆರೆದ ಟ್ಯಾಂಕಿನಲ್ಲಿ 300 ವಾಟ್ ಹೀಗೆ ಸಿಕ್ಕಿಕೊಂಡರೆ ಲೆಕ್ಕದಂತೆ ನೀರು ಕೋಣೆಗಿಂತ 17-18 ಡಿಗ್ರಿ ಮೇಲೇರಬಹುದು. ಅದೇ ಮೀನಿಗೆ ಸಾವು. ಮುಚ್ಚಿ ಹೊದಿಸಿದ ಟ್ಯಾಂಕಿನಲ್ಲಿ ಶಾಖಕ್ಕೆ ಹೋಗಲು ದಾರಿಯೇ ಇಲ್ಲ, ಇನ್ನೂ ಎಷ್ಟೋ ಮೇಲೆ, ಇನ್ನೂ ಬೇಗ.

ಹೊದಿಸಿದ ನಂತರ ನಮ್ಮ 190 ಲೀಟರಿನ ಟ್ಯಾಂಕಿನ ನಷ್ಟ 36 ವಾಟ್ ಅಷ್ಟೇ. ಅದರಲ್ಲಿ ಹದಿನೈದನ್ನು ಫಿಲ್ಟರ್ ಮೋಟಾರೇ ತುಂಬುತ್ತದೆ. ಬೆಂಗಳೂರಿನ ಚಳಿಗೆ 100 ವಾಟಿನ ಹೀಟರ್ ಬೇಕಾದಷ್ಟಾಯಿತು. ಅದು ಸಿಕ್ಕಿಕೊಂಡರೂ ನೀರು ನಿಧಾನಕ್ಕೆ ಏರುತ್ತದೆ, ಬೆಳಿಗ್ಗೆ ಥರ್ಮಾಮೀಟರ್ ನೋಡಿ ಪ್ಲಗ್ ಕೀಳಲು ನಿಮಗೆ ಸಮಯ ಸಿಗುತ್ತದೆ. ಕೈಯಲ್ಲಿರುವ 300 ವಾಟಿನದನ್ನೇ ಬಳಸುವುದಾದರೆ ಹೊರಗಿನಿಂದ ಜೋಡಿಸುವ ಟೆಂಪರೇಚರ್ ಕಂಟ್ರೋಲರ್ ಒಂದನ್ನು ನಡುವೆ ಹಾಕಿ. ಹೀಟರನ್ನು 28ಕ್ಕೆ, ಕಂಟ್ರೋಲರನ್ನು 26ಕ್ಕೆ ಇಡಿ. ಒಂದು ಕೈಕೊಟ್ಟರೆ ಇನ್ನೊಂದು ಆರಿಸುತ್ತದೆ.

ಎಷ್ಟು ಉಳಿಯಿತು ಅಂತ ನೋಡಬೇಕಾದರೆ ಯೂನಿಟ್ ತೋರಿಸುವ ಸ್ಮಾರ್ಟ್ ಪ್ಲಗ್‌ಗೆ ಹೀಟರ್ ಸಿಕ್ಕಿಸಿ. ಹೊದಿಸುವ ಮುಂಚೆ ಒಂದು ವಾರ, ಹೊದಿಸಿದ ಮೇಲೆ ಒಂದು ವಾರ. ಕೋಣೆಯ ಟೆಂಪರೇಚರನ್ನೂ ಪಕ್ಕದಲ್ಲಿ ಬರೆದಿಡಿ. ಎರಡನೇ ವಾರ ಚಳಿಯೇ ಕಡಿಮೆ ಇದ್ದು, ಲಾಭವೆಲ್ಲ ಥರ್ಮೋಕೋಲಿನದು ಅಂದುಕೊಳ್ಳುವುದು ಬೇಡ.